ಜಾಣ ಮಕ್ಕಳನ್ನು ಕಟ್ಟಿಕೊಂಡು ಪುಣೆಗೆ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತು ಮಕ್ಕಳಿಗೂ ಸಲ್ಲುತ್ತದೆ. ಪಾಠದಲ್ಲಿ ಹಿಂದೆ ಬಿದ್ದ ಮಗುವಿಗೆ ಮುಂಬಯಿಯ ಒಂದೊಂದು ಗಲ್ಲಿಯಲ್ಲಿಯೂ ಟ್ಯೂಷನ್ ಕ್ಲಾಸು ಉಂಟು. ಹಾಡುವ ಮಗುವಿಗೆ ಸಂಗೀತದ ಮಾಸ್ತರರು, ಕುಣಿಯುವ ಮಗುವಿಗೆ ನೃತ್ಯದ ಗುರುಗಳು ಉಂಟು. ಆದರೆ ತರಗತಿಯ ಪುಸ್ತಕವನ್ನು ಜೂನ್ ತಿಂಗಳಲ್ಲಿಯೇ ಓದಿ ಮುಗಿಸಿ, ಉಳಿದ ಒಂಬತ್ತು ತಿಂಗಳು ಕಿಟಕಿಯ ಹೊರಗೆ ನೋಡುತ್ತ ಕೂಡುವ ಮಗುವನ್ನು ಎಲ್ಲಿಗೆ ಕರೆದೊಯ್ಯಬೇಕು? ಯಾರನ್ನಾದರೂ ಕೇಳಿದರೆ, "ಇದೂ ಒಂದು ಕಷ್ಟವೆ? ಅಂಥ ಕಷ್ಟ ನಮಗೂ ಒಂದಿಷ್ಟು ಕೊಡಿ!" ಎಂದು ನಗುತ್ತಾರೆ. ಕೇಳಿದವರು ತಾವೂ ನಕ್ಕು ಸುಮ್ಮನಾಗುತ್ತಾರೆ. ಮನೆಗೆ ಹೋಗಿ ಚಿಂತಿಸುತ್ತಾರೆ.

ನಮ್ಮ ಸಂಘದಲ್ಲಿ ಹೀಗೆ ಚಿಂತಿಸುವ ಮೂರು ಕುಟುಂಬಗಳಿದ್ದೇವೆ. ಮಕ್ಕಳು ನಾಲ್ವರು. ಅವರಲ್ಲಿ ಒಬ್ಬ ಒಂಬತ್ತು ವರ್ಷದ ಹುಡುಗ. ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿ, ಮಿಕ್ಕ ಹೊತ್ತಿನಲ್ಲಿ ಬೆಂಚಿನ ಮೇಲೆ ತಬಲ ಬಾರಿಸುವವ. ಶಾಲೆಯ ಡೈರಿಯಲ್ಲಿ ಅವನ ಮೇಲಿನ ದೂರುಗಳೇ ಒಂದು ಗ್ರಂಥವಾಗುವಷ್ಟಿವೆ. ಇನ್ನೊಬ್ಬಳು ಹತ್ತು ವರ್ಷದ ಹುಡುಗಿ. ಇವಳ ಡೈರಿಯಲ್ಲಿ ಒಂದೂ ದೂರಿಲ್ಲ. ಅವಳ ತಾಯಿಯ ಚಿಂತೆಗೆ ಅದೇ ಕಾರಣ. ಎರಡು ವರ್ಷದ ಹಿಂದೆ ಮನೆಯಲ್ಲಿ ಪ್ರಶ್ನೆಗಳ ಮಳೆಗರೆಯುತ್ತಿದ್ದ ಹುಡುಗಿ ಈಗ ಮಾತನ್ನೇ ಕಡಿಮೆ ಮಾಡಿದ್ದಾಳೆ. ಉತ್ತರ ಹೇಳಿದಾಗಲೆಲ್ಲ ಜೊತೆಯ ಮಕ್ಕಳು "ಬಂದಳು ಪಂಡಿತೆ" ಎಂದು ಆಡಿಕೊಂಡ ಮೇಲೆ, ತಿಳಿದದ್ದನ್ನೂ ತಿಳಿಯದು ಎನ್ನಲು ಕಲಿತಿದ್ದಾಳೆ. ಅವಳಿಗೆ ಒಂದು ತರಗತಿ ದಾಟಿಸಿ ಮೇಲಕ್ಕೆ ಹಾಕುವುದೋ ಬೇಡವೋ, ಬೇಸಗೆ ರಜೆ ಮುಗಿಯುವುದರೊಳಗೆ ತಿಳಿಸಿರೆಂದು ಶಾಲೆಯವರು ಹೇಳಿಕಳುಹಿಸಿದ್ದರು. ಯಾರನ್ನು ಕೇಳುವುದು? ಪುಣೆಯಲ್ಲಿ ಇಂಥ ಮಕ್ಕಳಿಗಾಗಿಯೇ ಕೆಲಸ ಮಾಡುವವರಿದ್ದಾರೆಂದು ಕೇಳಿ, ಮೊದಲೇ ಪತ್ರ ಬರೆದು, ಒಂದು ಶುಕ್ರವಾರ ದಾದರಿನಲ್ಲಿ ಬೆಳಗಿನ ಡೆಕ್ಕನ್ ಎಕ್ಸ್‌ಪ್ರೆಸ್ ಹತ್ತಿದೆವು.

ಮುಂಬಯಿಯಿಂದ ಪುಣೆಗೆ ಈಗ ವೇಗದ ರಸ್ತೆಯುಂಟು. ಆದರೂ ಮಕ್ಕಳೊಡನೆ ಹೋಗುವವರು ಗಾಡಿಯಲ್ಲಿಯೇ ಹೋಗಬೇಕು. ಕರ್ಜತಿನಲ್ಲಿ ಗಾಡಿ ನಿಂತಿತು, ಬಟಾಟೆವಡೆ ಬಂತು, ಹಿಂದಿನಿಂದ ಬೇರೆ ಇಂಜಿನುಗಳು ಬಂದು ಸೇರಿಕೊಂಡವು. ಮುಂದೆ ಎಳೆಯಲು ಇಂಜಿನ್ ಇರುವಾಗ ಹಿಂದೆ ನೂಕಲು ಇವೇಕೆ ಎಂದು ನಮ್ಮ ತಬಲದ ಹುಡುಗ ಕೇಳಿದ. ಅವನ ತಂದೆ ವಿವರಿಸಿದರು: ಬೋರ್‌ಘಾಟಿನ ಈ ಹಾದಿ 1863ರಲ್ಲಿ ತೆರೆದದ್ದು, ಕಡಿದಾದ ಕಡೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುತ್ತದೆ, ರೈಲಿಗೆ ಅದು ಬಹಳ ಕಡಿದು. "ಹಾಗಾದರೆ ನಮ್ಮ ಬಿಲ್ಡಿಂಗಿನಷ್ಟು ಎತ್ತರ ಏರಲು ಎಷ್ಟು ದೂರ ಓಡಬೇಕು? ನಮ್ಮದು ನಲವತ್ತು ಅಡಿ ಇರಬಹುದು" ಎಂದ ಹುಡುಗ. ಕಾಗದ ಪೆನ್ಸಿಲು ಹುಡುಕುತ್ತಿರುವಾಗಲೇ ಕಿಟಕಿಯ ಬದಿಯಿಂದ ಮೆಲ್ಲಗೆ "ಸಾವಿರದ ನಾನ್ನೂರ ಎಂಬತ್ತು" ಎಂಬ ಮಾತು ಕೇಳಿಸಿತು. ಎಲ್ಲರೂ ತಿರುಗಿ ನೋಡಿದೆವು. ಹುಡುಗಿ ಕೂಡಲೇ ಮುಖ ಆಚೆಗೆ ಮಾಡಿಕೊಂಡು, "ನನಗೆ ಗೊತ್ತಿಲ್ಲ, ಸುಮ್ಮನೆ ಅಂದೆ" ಎಂದಳು. ಅಷ್ಟರಲ್ಲಿ ಗಾಡಿ ಸುರಂಗ ಹೊಕ್ಕಿತು. ಕತ್ತಲಲ್ಲಿ ಅವಳ ತಾಯಿಯ ಮುಖ ನಮಗೆ ಕಾಣದೆ ಹೋದದ್ದೇ ಒಳ್ಳೆಯದಾಯಿತು.

ಪುಣೆಯಲ್ಲಿ ಇಳಿದವರು ನೇರವಾಗಿ ಸದಾಶಿವ ಪೇಟೆಗೆ ಹೋದೆವು. ಕಿರಿದಾದ ಓಣಿಗಳು, ಪುಸ್ತಕದ ಅಂಗಡಿಗಳು, ಹಳೆಯ ವಾಡೆಗಳನ್ನು ಕೆಡವಿ ಕಟ್ಟಿದ ಮಹಡಿಮನೆಗಳು. ಪುಣೆಯ ಬಾಗಿಲ ಫಲಕಗಳು ಲೋಕಪ್ರಸಿದ್ಧ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಂಟೆ ಬಾರಿಸಬೇಡಿರಿ, ವಿಳಾಸ ಕೇಳಬೇಡಿರಿ, ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿರಿ ಎಂದು ಮುಂತಾಗಿ ಬರೆದಿರುವುದನ್ನು ಮಕ್ಕಳು ಓದಿ ಓದಿ ನಕ್ಕರು. ಇಂಥ ಒಂದು ಓಣಿಯಲ್ಲಿಯೇ ಜ್ಞಾನ ಪ್ರಬೋಧಿನಿ ಎಂಬ ಸಂಸ್ಥೆ ಇದೆ.

ಇದನ್ನು 1962ರ ವಿಜಯದಶಮಿಯಂದು ಪ್ರಾರಂಭಿಸಿದವರು ಡಾ. ವಿನಾಯಕ ವಿಶ್ವನಾಥ ಪೆಂಡಸೆಯವರು. ಜನ ಅವರನ್ನು ಅಪ್ಪಾ ಪೆಂಡಸೆ ಎಂದೇ ಕರೆಯುತ್ತಿದ್ದರು. ಮನಶ್ಶಾಸ್ತ್ರ ಬಲ್ಲವರು, ಶಿಕ್ಷಕರು. ಬುದ್ಧಿವಂತ ಮಕ್ಕಳು ತಮ್ಮಷ್ಟಕ್ಕೆ ಮೇಲೆ ಬಂದುಬಿಡುತ್ತಾರೆ, ಅವರಿಗೆ ಯಾರ ನೆರವೂ ಬೇಡ ಎಂಬ ಮಾತನ್ನು ಅವರು ಒಪ್ಪಲಿಲ್ಲ. ಮೊದಮೊದಲು ಊರಿನ ಬೇರೆಬೇರೆ ಶಾಲೆಗಳ ಚುರುಕಾದ ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ಒಂದೆಡೆ ಸೇರಿಸಿ ಕಲಿಸುತ್ತಿದ್ದರು. 1969ರಲ್ಲಿ ಅದೇ ಒಂದು ಪೂರ್ಣ ಶಾಲೆಯೂ ಆಯಿತು. ಐದನೆಯ ಇಯತ್ತೆಯಿಂದ ಹತ್ತನೆಯವರೆಗೆ ತರಗತಿಗಳು. ಸೇರಬಯಸುವ ಮಕ್ಕಳನ್ನು ಬುದ್ಧಿಶಕ್ತಿಯ ಪರೀಕ್ಷೆಗಳಿಂದ ಆರಿಸುತ್ತಾರೆ. ಬುದ್ಧಿ ಎಂಬುದು ಒಂದೇ ಅಂಕಿಯಲ್ಲ, ಹಲವು ಬಗೆಯ ಶಕ್ತಿಗಳ ಕೂಟ ಎಂದು ಅಮೆರಿಕದ ಗಿಲ್‌ಫರ್ಡ್ ಎಂಬ ಪಂಡಿತರು ವಾದಿಸಿದ್ದರು. ನೆನಪಿಡುವ ಶಕ್ತಿ ಬೇರೆ, ಒಂದೇ ಸರಿಯುತ್ತರವನ್ನು ಹುಡುಕುವ ಶಕ್ತಿ ಬೇರೆ, ಒಂದು ಪ್ರಶ್ನೆಗೆ ಹತ್ತು ದಾರಿ ಕಾಣುವ ಶಕ್ತಿಯೇ ಬೇರೆ. ಇಲ್ಲಿಯವರು ತಮ್ಮ ಪರೀಕ್ಷೆಗಳಲ್ಲಿಯೂ ಬೋಧನೆಯಲ್ಲಿಯೂ ಈ ವಿಚಾರವನ್ನು ಬಹುವಾಗಿ ಬಳಸಿಕೊಂಡಿದ್ದಾರೆ. ಈ ಶಾಸ್ತ್ರದ ಅಭ್ಯಾಸಕ್ಕಾಗಿಯೇ ಇಲ್ಲಿ ಒಂದು ವಿಭಾಗವಿದೆ. ಶಾಲೆಗೆ ಸೇರದ ಮಕ್ಕಳ ತಂದೆತಾಯಿಗಳೂ ಅಲ್ಲಿ ಸಲಹೆ ಕೇಳಬಹುದು.

ನಮಗೆ ಅಚ್ಚರಿಯೆನಿಸಿದ ವಿಷಯ ಬೇರೆಯೇ ಇದೆ. ಜಾಣ ಮಕ್ಕಳ ಶಾಲೆ ಎಂದರೆ ಅಂಕಗಳ ಕಾರಖಾನೆ ಎಂದು ನಾವು ಭಾವಿಸುವುದು ಸಹಜ. ಇಲ್ಲಿಯ ಧ್ಯೇಯವೇ ಮತ್ತೊಂದು: ಬುದ್ಧಿಯನ್ನು ಸಮಾಜದ ಕೆಲಸಕ್ಕೆ ಹಚ್ಚುವುದು. ಮಕ್ಕಳಿಗೆ ವಿದ್ಯಾವ್ರತ ಎಂಬ ಸಂಸ್ಕಾರ ಮಾಡಿಸುತ್ತಾರೆ. ಕಲಿಕೆಯೇ ವ್ರತವೆಂದು ಅವರು ಸಂಕಲ್ಪ ಮಾಡಬೇಕು. ಗಣೇಶೋತ್ಸವದಲ್ಲಿ ಇವರ ಡೋಲು, ತಾಸೆ, ಬರ್ಚಿ ನೃತ್ಯ ನೋಡಲು ಪುಣೆಯೇ ಕೂಡುತ್ತದೆ. 1993ರಲ್ಲಿ ಕಿಲ್ಲಾರಿಯ ಭೂಕಂಪವಾದಾಗ ಈ ಸಂಸ್ಥೆಯ ಕಾರ್ಯಕರ್ತರು ಆ ಸೀಮೆಗೆ ಹೋಗಿ, ಹರಾಳಿ ಎಂಬ ಹಳ್ಳಿಯಲ್ಲಿ ನೆಲೆನಿಂತು ಶಾಲೆ ನಡೆಸಿದರು. ನಮ್ಮ ಕನ್ನಡಿಗರು ಬಹಳವಾಗಿರುವ ಸೊಲ್ಲಾಪುರದಲ್ಲಿಯೂ ಇವರ ಶಾಖೆಯುಂಟು. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದ ಹುಡುಗ ಡೋಲು ಹೊರಬೇಕು, ಹಳ್ಳಿಯ ಮನೆಯಲ್ಲಿ ಉಣ್ಣಬೇಕು, ನಾಲ್ವರೊಡನೆ ಕೆಲಸ ಮಾಡಬೇಕು. ಹಾಗೆ ಮಾಡಿದವನಿಗೆ ತನ್ನ ಬುದ್ಧಿ ಹೊರೆಯಾಗದು, ಗರ್ವವೂ ಆಗದು.

ಅಲ್ಲಿ ಮಾತನಾಡಿ ನಾವು ತಿಳಿದುಕೊಂಡದ್ದರಲ್ಲಿ ಕೆಲವನ್ನು ವಾಚಕರಿಗೂ ಹೇಳಬೇಕು. ಮಗುವಿನ ಬುದ್ಧಿ ಹತ್ತು ವರ್ಷಕ್ಕೆ ಹದಿನಾಲ್ಕರದಾಗಬಹುದು. ಆದರೆ ಅದರ ಕೈಬರಹ ಹತ್ತರದೇ, ಅಳು ಎಂಟರದಾಗಿರಲೂಬಹುದು. "ಇಷ್ಟು ಜಾಣೆ, ಇಷ್ಟಕ್ಕೆ ಅಳುತ್ತೀಯಾ?" ಎಂದು ಗದರಿಸುವುದು ಅನ್ಯಾಯ. ಪರೀಕ್ಷೆಯ ಅಂಕಿಯನ್ನು ಮಗುವಿನ ಹಣೆಗೆ ಅಂಟಿಸಬಾರದು, ಬಂಧುಬಳಗಕ್ಕೆ ಹಂಚಬಾರದು. ಜ್ವರದ ಕಡ್ಡಿಯನ್ನು ಯಾರೂ ಹಾರದಂತೆ ಕೊರಳಿಗೆ ಹಾಕಿಕೊಂಡು ತಿರುಗುವುದಿಲ್ಲವಷ್ಟೆ? ಇನ್ನೊಂದು ಮಾತು ನಮ್ಮಂಥವರಿಗೆ ಮುಖ್ಯ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ ಆಡುತ್ತಾರೆ. ಯಾವುದೇ ಪರೀಕ್ಷೆಗೆ ಕೂಡಿಸುವ ಮೊದಲು ಅದು ಯಾವ ಭಾಷೆಯಲ್ಲಿದೆ ಎಂದು ಕೇಳಿಕೊಳ್ಳಬೇಕು. ಭಾಷೆ ತೊಡಕಾದರೆ ಬುದ್ಧಿಯೂ ಕುಂಟಿದಂತೆ ಕಾಣುತ್ತದೆ.

ಆ ರಾತ್ರಿ ನಮಗೆ ಧಾರವಾಡದ ಕಡೆಯ ಹಿರಿಯರೊಬ್ಬರ ಮನೆಯಲ್ಲಿ ವಸತಿ. ನಲವತ್ತು ವರ್ಷದಿಂದ ಪುಣೆಯಲ್ಲಿದ್ದರೂ ಅವರ ಜೋಳದ ರೊಟ್ಟಿಯೂ ಮಾತೂ ಒಂದಿಷ್ಟೂ ಬದಲಾಗಿಲ್ಲ. "ಬರ್ರಿ ಬರ್ರಿ, ಹುಡುಗ್ರು ಭಾಳ ಶಾಣ್ಯಾ ಅದಾವಂತ ಕೇಳೇನಿ" ಎಂದು ಬಾಗಿಲಲ್ಲೇ ಸ್ವಾಗತಿಸಿದರು. ಊಟದ ಹೊತ್ತಿಗೆ ಮಾತು ಭೀಮಸೇನ ಜೋಶಿಯವರ ಕಡೆಗೆ ಹೊರಳಿತು. ಪುಣೆಯಲ್ಲಿ ಕನ್ನಡಿಗರು ಕೂಡಿದರೆ ಅದು ಹೊರಳಲೇಬೇಕು.

ರೋಣದಲ್ಲಿ 1922ರಲ್ಲಿ ಹುಟ್ಟಿದ ಆ ಹುಡುಗ ಭಜನೆಯ ಮೇಳವಾಗಲಿ ಬಾಜಾಬಜಂತ್ರಿಯ ಮೆರವಣಿಗೆಯಾಗಲಿ ಬಂದರೆ ಅದರ ಹಿಂದೆ ಹೋಗಿಬಿಡುತ್ತಿದ್ದನಂತೆ, ದಣಿದಲ್ಲಿ ಮಲಗುತ್ತಿದ್ದನಂತೆ. ಹುಡುಕಿ ಹುಡುಕಿ ಸಾಕಾದ ತಂದೆ ಗುರುರಾಜ ಜೋಶಿಯವರು ಮಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದುಬಿಟ್ಟರಂತೆ. ಕಂಡವರು ಮನೆಗೆ ತಂದು ಬಿಡುತ್ತಿದ್ದರು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟೇ ಹೋದ. ಗ್ವಾಲಿಯರ್, ಲಖನೌ, ರಾಂಪುರ ಎಂದು ಸುತ್ತಿದ. ಕೊನೆಗೆ ಜಲಂಧರದಲ್ಲಿ ತಂದೆಗೆ ಸಿಕ್ಕಿದ. ಬೇಕಾದ ಗುರು ಇದ್ದದ್ದು ಮನೆಗೆ ಹತ್ತಿರದ ಕುಂದಗೋಳದಲ್ಲಿ! 1936ರಲ್ಲಿ ಸವಾಯಿ ಗಂಧರ್ವರು ಶಿಷ್ಯನನ್ನಾಗಿ ಸ್ವೀಕರಿಸಿದರು. ಆ ಗುರುವಿನ ಹೆಸರಿನಲ್ಲಿ 1953ರಿಂದ ಪುಣೆಯಲ್ಲಿ ನಡೆದುಬಂದ ಸಂಗೀತೋತ್ಸವ ಯಾರಿಗೆ ತಿಳಿಯದು?

"ಅಪ್ಪ ಆದವ ಅಂಗಿ ಮ್ಯಾಲೆ ಹೆಸರು ಬರದಾ, ಕಾಲಿಗೆ ಹಗ್ಗ ಕಟ್ಟಲಿಲ್ಲ. ಅದ ನೋಡ್ರಿ ಹಿರೇತನ" ಎಂದರು ನಮ್ಮ ಯಜಮಾನರು. ಎರಡು ದಿನದಲ್ಲಿ ಕೇಳಿದ ಮಾತುಗಳಲ್ಲಿ ಇದೇ ನಮ್ಮ ಮನಸ್ಸಿನಲ್ಲಿ ಹೆಚ್ಚಾಗಿ ಉಳಿದಿದೆ.

ಮರುದಿನ ಬೆಳಿಗ್ಗೆ ಲಾ ಕಾಲೇಜು ರಸ್ತೆಯ ಕಡೆಗೆ ಹೊರಟೆವು. ಅಲ್ಲಿ ಭಾಸ್ಕರಾಚಾರ್ಯ ಪ್ರತಿಷ್ಠಾನವೆಂಬ ಗಣಿತಸಂಸ್ಥೆಯುಂಟು. ಅಮೆರಿಕದಲ್ಲಿ ನೆಲಸಿದ್ದ ಖ್ಯಾತ ಗಣಿತಜ್ಞ ಶ್ರೀರಾಮ ಅಭ್ಯಂಕರರು 1976ರಲ್ಲಿ ಸ್ಥಾಪಿಸಿದ್ದು. ಉನ್ನತ ಸಂಶೋಧನೆಯೊಡನೆ ಶಾಲೆಯ ಮಕ್ಕಳಿಗೂ ಗಣಿತದ ಒಲಿಂಪಿಯಾಡಿಗೆ ತಯಾರಿ ಕೊಡುವುದು ಇದರ ಹಿರಿಮೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ನಮ್ಮ ಊರಿನವರೆಂದು ವಿಜಯಪುರದವರೂ ನಮ್ಮವರೆಂದು ಖಾನದೇಶದವರೂ ಹೇಳುತ್ತಾರೆ. ಯಾರವರಾದರೂ ಸರಿ, ಅವರ ಮೊಮ್ಮಗ ಚಂಗದೇವನು ಅಜ್ಜನ ಗ್ರಂಥಗಳನ್ನು ಓದಿಸಲೆಂದೇ ಒಂದು ಮಠವನ್ನು ಕಟ್ಟಿದನೆಂದು ಖಾನದೇಶದ ಶಾಸನ ಸಾರುತ್ತದೆ. ಜಾಣರಿಗೊಂದು ಕೂಡುವ ಜಾಗ ಬೇಕೆಂಬ ವಿಚಾರ ನಿನ್ನೆ ಮೊನ್ನೆಯದಲ್ಲ.

ಮಧ್ಯಾಹ್ನ ಗಣೇಶಖಿಂಡಿನ ವಿಶ್ವವಿದ್ಯಾಲಯದ ಆವರಣದಲ್ಲಿರುವ ಅಯೂಕಾ ಎಂಬ ಖಗೋಳವಿಜ್ಞಾನ ಕೇಂದ್ರಕ್ಕೆ ಹೋದೆವು. 1988ರಲ್ಲಿ ಪ್ರಾರಂಭವಾದ ಈ ಕೇಂದ್ರದ ಮೊದಲ ನಿರ್ದೇಶಕರು ಜಯಂತ ನಾರ್ಳೀಕರರು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಪುಣೆಯ ಮಕ್ಕಳು ಒಬ್ಬ ಅಜ್ಜನನ್ನು ಕಳೆದುಕೊಂಡರು. ಮಕ್ಕಳು ಹಸ್ತಾಕ್ಷರ ಕೇಳಿದರೆ ಅವರು ಸುಮ್ಮನೆ ಕೊಡುತ್ತಿರಲಿಲ್ಲ. "ಒಂದು ಕಾರ್ಡಿನಲ್ಲಿ ಪ್ರಶ್ನೆ ಬರೆದು ಕಳಿಸು, ಉತ್ತರದ ಕೆಳಗೆ ಸಹಿ ಮಾಡುತ್ತೇನೆ" ಎನ್ನುವರು, ಮಾತಿನಂತೆ ಬರೆಯುವರು. ಕಟ್ಟಡದ ಚಿತ್ರ ಬರೆದವರು ಚಾರ್ಲ್ಸ್ ಕೊರಿಯಾ. ಒಳಗಿನ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನರ ಪ್ರತಿಮೆಗಳಿವೆ. ಮಕ್ಕಳು ತಾವೇ ಕೈಯಿಂದ ಮಾಡಿ ನೋಡುವ ವಿಜ್ಞಾನ ಶೋಧಿಕೆಯೂ ಇಲ್ಲುಂಟು. ಬೇಸಗೆಯಲ್ಲಿ ಶಾಲಾಮಕ್ಕಳನ್ನು ವಿಜ್ಞಾನಿಗಳೊಡನೆ ವಾರಗಟ್ಟಲೆ ಕೂಡಿಸುವ ಏರ್ಪಾಡು, ಶನಿವಾರದ ಉಪನ್ಯಾಸ ಇವೆಲ್ಲ ಇಲ್ಲಿ ಬಹುಕಾಲದಿಂದ ಬೆಳೆದುಬಂದ ಪದ್ಧತಿಗಳು.

ನಾವು ಹೋದ ದಿನವೂ ಮಕ್ಕಳಿಗಾಗಿ ಉಪನ್ಯಾಸವಿತ್ತು. ಬೇರೆಬೇರೆ ಶಾಲೆಗಳ ಮಕ್ಕಳಿಂದ ಸಭಾಗೃಹ ತುಂಬಿತ್ತು. ಉಪನ್ಯಾಸ ಮುಗಿದೊಡನೆ ಕೈಗಳು ಮೇಲೆದ್ದವು. ನಮ್ಮ ಮುಂದಿನ ಸಾಲಿನ ಚಿಕ್ಕ ಹುಡುಗನೊಬ್ಬ, "ಆಕಾಶ ಎಲ್ಲಿಂದ ಶುರುವಾಗುತ್ತದೆ? ನನ್ನ ತಲೆಯಿಂದಲೋ ಮಾಳಿಗೆಯಿಂದಲೋ?" ಎಂದು ಕೇಳಿದ. ಯಾರೂ ನಗಲಿಲ್ಲ. ಉಪನ್ಯಾಸಕರು ಅವನ ಪ್ರಶ್ನೆಯನ್ನು ಕೈಗೆತ್ತಿಕೊಂಡು ಐದು ನಿಮಿಷ ಮಾತನಾಡಿದರು. ಆಗ ನಮ್ಮ ಸಾಲಿನಲ್ಲಿಯೂ ಒಂದು ಕೈ ಮೆಲ್ಲಗೆ ಮೇಲೆದ್ದಿತು. ಭೂಮಿ ಎಲ್ಲವನ್ನೂ ಎಳೆಯುವುದಾದರೆ ಚಂದ್ರ ಏಕೆ ಬೀಳುವುದಿಲ್ಲವೆಂದು ನಮ್ಮ ಹುಡುಗಿ ಕೇಳಿದಳು. "ಬೀಳುತ್ತಲೇ ಇದ್ದಾನೆ. ಜೊತೆಗೆ ಮುಂದಕ್ಕೂ ಓಡುತ್ತಿದ್ದಾನೆ. ಆದ್ದರಿಂದ ಭೂಮಿಗೆ ತಗಲದೆ ಸುತ್ತುತ್ತಾನೆ" ಎಂದು ಉತ್ತರ ಬಂತು. ಅವಳು ಕೂಡಲಿಲ್ಲ, ಎರಡನೆಯ ಪ್ರಶ್ನೆ ಕೇಳಿದಳು, ಮೂರನೆಯದನ್ನೂ ಕೇಳಿದಳು. ತಾಯಿ ಸೆರಗಿನಿಂದ ಕಣ್ಣೊತ್ತಿಕೊಂಡರು. ಸಂಜೆ ಇಂದ್ರಾಯಣಿ ಗಾಡಿಯಲ್ಲಿ ನಾಲ್ಕು ಮಕ್ಕಳೂ ಚಂದ್ರನ ಮೇಲೆ ಜಗಳವಾಡುತ್ತ ಲೋಣಾವಳೆಯ ಚಿಕ್ಕಿಯನ್ನು ಮುಗಿಸಿದರು. ಯಾರೂ ಯಾರನ್ನೂ ಪಂಡಿತೆಯೆನ್ನಲಿಲ್ಲ.

ಮುಂಬಯಿಗೆ ಮರಳಿದ ಮೇಲೆ ವಿಚಾರಿಸಿದರೆ ನಮ್ಮ ಮನೆಯ ಬಾಗಿಲಲ್ಲಿಯೇ ಒಂದು ಕುಂದಗೋಳವಿತ್ತು. ಮಾನಖುರ್ದಿನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 1974ರಿಂದ ಕೆಲಸ ಮಾಡುತ್ತಿದೆ. ಗಣಿತ, ಭೌತ, ರಸಾಯನ, ಜೀವ, ಖಗೋಳ ವಿಜ್ಞಾನಗಳ ಒಲಿಂಪಿಯಾಡುಗಳಿಗೆ ದೇಶದ ಮಕ್ಕಳನ್ನು ಆರಿಸಿ ಅಣಿಮಾಡುವ ಹೊಣೆ ಅದರದು. ಗಣಿತಕ್ಕೆ ಆರು ಮಂದಿ, ಭೌತವಿಜ್ಞಾನಕ್ಕೆ ಐವರು, ರಸಾಯನಕ್ಕೆ ನಾಲ್ವರು ಪ್ರತಿವರ್ಷ ಭಾರತದ ಪರವಾಗಿ ಹೊರಡುತ್ತಾರೆ. 1996ರ ಗಣಿತ ಒಲಿಂಪಿಯಾಡು ಮುಂಬಯಿಯಲ್ಲಿಯೇ ನಡೆದಿತ್ತು. ಚೆನ್ನೈಯಲ್ಲಿರುವ ಬಂಧುಗಳಿಗೆ 1965ರಲ್ಲಿ ಹುಟ್ಟಿದ ಗಣಿತ ಶಿಕ್ಷಕರ ಸಂಘ ಅಲ್ಲಿಯೇ ಉಂಟು. ಮಕ್ಕಳಿಗೆ ಗಣಿತಪ್ರತಿಭೆಯ ಸ್ಪರ್ಧೆ ನಡೆಸುತ್ತದೆ. ಹಳ್ಳಿಗಳಲ್ಲಿರುವ ನಮ್ಮವರ ಮಕ್ಕಳಿಗೆ ನವೋದಯ ವಿದ್ಯಾಲಯಗಳುಂಟು. ಆರನೆಯ ತರಗತಿಗೆ ಪರೀಕ್ಷೆಯಿಂದ ಪ್ರವೇಶ, ನೂರಕ್ಕೆ 75 ಸ್ಥಾನ ಗ್ರಾಮದವರಿಗೆ. ದಿಲ್ಲಿಯಲ್ಲಿ 1963ರಲ್ಲಿ ಕೇವಲ 10 ವಿದ್ಯಾರ್ಥಿವೇತನಗಳಿಂದ ಮೊದಲಾಗಿ, ಮರುವರ್ಷವೇ 350ಕ್ಕೇರಿ ದೇಶಕ್ಕೆಲ್ಲ ಹಬ್ಬಿದ ಪ್ರತಿಭಾಶೋಧ ಪರೀಕ್ಷೆಯನ್ನು ಮಾತ್ರ 2021ರ ನಂತರ ತಡೆಹಿಡಿದದ್ದು ವಿಷಾದದ ಸಂಗತಿ.

ಆದರೆ ಪರೀಕ್ಷೆ ಪದಕಗಳೇ ಗುರಿಯೆಂದು ಯಾರೂ ಭಾವಿಸಬಾರದು. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾದೇವಿಯವರು ಆರನೆಯ ವಯಸ್ಸಿಗೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತಚಮತ್ಕಾರ ತೋರಿಸಿ ಭೇಷ್ ಎನ್ನಿಸಿಕೊಂಡರು. ಸರ್ಕಸ್ಸಿನಲ್ಲಿ ಕೆಲಸಕ್ಕಿದ್ದ ತಂದೆ ಮಗಳನ್ನು ಊರೂರಿಗೆ ಕರೆದೊಯ್ದರು. ಚಪ್ಪಾಳೆ ಸಿಕ್ಕಿತು, ಶಾಲೆ ಸಿಕ್ಕಲಿಲ್ಲ. ಕುಂಭಕೋಣದ ರಾಮಾನುಜನ್ನರು ಗಣಿತದ ಹೊರತು ಬೇರೇನೂ ಓದದೆ ಕಾಲೇಜಿನ ವಿದ್ಯಾರ್ಥಿವೇತನವನ್ನೇ ಕಳೆದುಕೊಂಡರು. ಅವರನ್ನು ಉಳಿಸಿದ್ದು ಪರೀಕ್ಷೆಯಲ್ಲ. ಅವರ ನೋಟುಪುಸ್ತಕವನ್ನು ತೆರೆದು ಓದುವ ವ್ಯವಧಾನವಿದ್ದ ನಾಲ್ಕಾರು ಹಿರಿಯರು. ಜಾಣ ಮಗುವಿಗೆ ಬೇಕಾದದ್ದು ರಂಗಸ್ಥಳವಲ್ಲ. ತನ್ನಂಥ ನಾಲ್ಕು ಜೊತೆಗಾರರು, ಪ್ರಶ್ನೆಗೆ ಬೇಸರಿಸದ ಒಬ್ಬ ಹಿರಿಯರು, ಕೈತುಂಬ ಕೆಲಸ, ಮತ್ತು ಅಂಗಿಯ ಮೇಲೆ ಹೆಸರು ಬರೆದು ಹೋಗಗೊಡುವ ತಂದೆತಾಯಿ.

ಹುಡುಗಿಯ ವಿಷಯ ಏನಾಯಿತೆಂದು ವಾಚಕರು ಕೇಳುವರು. ತರಗತಿ ದಾಟಿಸುವುದು ಕೆಲವು ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ. ಇವಳ ತಂದೆತಾಯಿ ಅವಳನ್ನೇ ಕೇಳಿದರು. ತನ್ನ ಒಬ್ಬಳೇ ಗೆಳತಿಯನ್ನು ಬಿಟ್ಟು ಹೋಗಲಾರೆನೆಂದಳು. ತರಗತಿ ಅದೇ ಇರಲಿ, ಗಣಿತಕ್ಕೆ ಮಾತ್ರ ಮೇಲಿನ ತರಗತಿಯಲ್ಲಿ ಕೂಡಿಸಿರೆಂದು ಕೇಳಿಕೊಂಡಾಗ ಶಾಲೆಯವರು ಒಂದು ವರ್ಷದ ಮಟ್ಟಿಗೆ ಒಪ್ಪಿದ್ದಾರೆ. ತಬಲದ ಹುಡುಗನಿಗೆ ನಿಜವಾದ ತಬಲವೇ ಬಂದಿದೆ.

ನಾಲ್ಕು ಮಕ್ಕಳೂ ಈಗ ಭಾನುವಾರ ಮಧ್ಯಾಹ್ನ ನಮ್ಮ ಸಂಘದ ವಾಚನಾಲಯದಲ್ಲಿ ಕೂಡುತ್ತಾರೆ. ನಿವೃತ್ತರಾದ ಇಂಜಿನಿಯರರೊಬ್ಬರೂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ತಾಯಿಯೊಬ್ಬರೂ ಸರದಿಯಂತೆ ಬರುತ್ತಾರೆ. ಪಾಠವಿಲ್ಲ, ಅಂಕವಿಲ್ಲ, ಪ್ರಶ್ನೆಯುಂಟು, ಅವಲಕ್ಕಿಯುಂಟು. ಹಗಲು ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಪಾಟಿ ಹಿಡಿಯಲೆಂದು ಇದೇ ಮುಂಬಯಿಯಲ್ಲಿ ನಮ್ಮ ಹಿರಿಯರು ಕನ್ನಡದ ರಾತ್ರಿಶಾಲೆಗಳನ್ನು ನಡೆಸಿದರು. ಆ ಶಾಲೆಗಳಿಂದ ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಉದ್ಯಮಿಗಳೂ ಹೊರಟರು. ಬುದ್ಧಿವಂತ ಮಗುವನ್ನು ಗುರುತಿಸಿ ದಾರಿ ಮಾಡಿಕೊಡುವ ವಿದ್ಯೆ ನಮಗೆ ಹೊಸತಲ್ಲ. ನಡುವೆ ಸ್ವಲ್ಪ ಬಿಟ್ಟುಹೋಗಿದೆ, ಅಷ್ಟೆ. ಇಂದಿಗೂ ಯಾವುದೋ ಹೋಟೆಲಿನ ಅಡುಗೆಮನೆಯ ಹಿಂದೆ, ಯಾವುದೋ ಚಾಳಿನ ಮೆಟ್ಟಿಲ ಮೇಲೆ, ಕೇಳಲು ಯಾರೂ ಇಲ್ಲದೆ ಪ್ರಶ್ನೆಯನ್ನು ನುಂಗಿಕೊಂಡು ಕುಳಿತ ಕನ್ನಡದ ಮಗು ಇರಬಹುದು. ಅಂಥ ಮಗು ನಿಮ್ಮ ಕಣ್ಣಿಗೆ ಬಿದ್ದರೆ ಭಾನುವಾರ ಕರೆತನ್ನಿ. ಕಡಲೆ ನಮ್ಮಲ್ಲಿದೆ.